ಬಣ್ಣ ಹಚ್ಚದ ಬಣ್ಣ

ಬಣ್ಣವೆಂದರೆ ಹಚ್ಚುವ ವಸ್ತುವೆಂದೇ ನಮ್ಮ ಕನ್ನಡ ಭಾಷೆ ತಿಳಿದುಕೊಂಡು ಬಂದಿದೆ. ಗೋಡೆಗೆ ಬಣ್ಣ ಬಳಿಯುತ್ತೇವೆ, ನೂಲಿಗೆ ಬಣ್ಣ ಕಟ್ಟುತ್ತೇವೆ, ನಾಟಕದವರು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಾರೆ. ಹಚ್ಚಿದ್ದು ಎಂದಾದರೊಂದು ದಿನ ಹೋಗಲೇಬೇಕಷ್ಟೆ. ಆದುದರಿಂದ ಮೋಸಗಾರನ ‘ಬಣ್ಣ ಬಯಲಾಯಿತು’ ಎನ್ನುತ್ತೇವೆ, ಒಳಗೆ ಹುರುಳಿಲ್ಲದ ಮಾತನ್ನು ‘ಬಣ್ಣದ ಮಾತು’ ಎಂದು ಕರೆಯುತ್ತೇವೆ. ವಸ್ತು ಬೇರೆ, ಅದರ ಮೇಲಿನ ಬಣ್ಣ ಬೇರೆ ಎಂಬ ನಂಬಿಕೆ ಈ ಎಲ್ಲ ನುಡಿಗಟ್ಟುಗಳ ಬೇರಿನಲ್ಲಿದೆ.

ಈ ನಂಬಿಕೆಗೆ ಹೊರತಾದ ಬಣ್ಣವೂ ಉಂಟು. ಅದರಲ್ಲಿ ಹಚ್ಚಿದ್ದು ಏನೂ ಇಲ್ಲ. ವಸ್ತುವಿನ ಮೈಯ ರಚನೆಯೇ, ಎಂದರೆ ಅದರ ಪದರಗಳ ದಪ್ಪ, ಕಡ್ಡಿಗಳ ಅಂತರ, ತೂತುಗಳ ಸಾಲು, ಬಿಳಿಯ ಬೆಳಕಿನಿಂದ ಒಂದು ಭಾಗವನ್ನು ಆರಿಸಿ ಕಣ್ಣಿಗೆ ಕಳುಹಿಸಿ ಉಳಿದುದನ್ನು ತಡೆದುಬಿಡುತ್ತದೆ. ವಿಜ್ಞಾನಿಗಳು ಇದನ್ನು ರಚನಾವರ್ಣ ಎನ್ನುತ್ತಾರೆ. ಕಳೆದ ಇಪ್ಪತ್ತೈದು ಮೂವತ್ತು ವರ್ಷಗಳಲ್ಲಿ ಮನುಷ್ಯನು ಇಂಥ ರಚನೆಗಳನ್ನು ಬೇಕೆಂದಂತೆ ಮಾಡಲು ಕಲಿತು, ಅವುಗಳಿಂದ ಬೆಳಕಿನ ಜರಡಿಗಳನ್ನು, ಅಂದರೆ ಕಲರ್ ಫಿಲ್ಟರುಗಳನ್ನು ತಯಾರಿಸುತ್ತಿದ್ದಾನೆ. ಕಣ್ಣಿಗೆ ಕಾಣದಷ್ಟು ಸಣ್ಣವು ಅವು. ಉಗುರಿನಗಲದ ಉಪಕರಣದಲ್ಲಿ ಲಕ್ಷಗಟ್ಟಲೆ ಕೂರಬಲ್ಲವು. ಇವುಗಳ ಬಗೆಗೆ ಬಂದಿರುವ ಹೊಗಳಿಕೆಯನ್ನು ಕೈಗೆ ಸಿಕ್ಕಿದಷ್ಟು ಓದಿದ್ದೇನೆ. ಹೊಗಳತಕ್ಕದ್ದೇ. ಆದರೆ ಹೊಗಳುವವರು ತಪ್ಪು ಕಾರಣಕ್ಕಾಗಿ ಹೊಗಳುತ್ತಿದ್ದಾರೆ, ಇವುಗಳನ್ನು ಇಡಬಾರದ ಜಾಗದಲ್ಲಿ ಇಡಹೊರಟಿದ್ದಾರೆ ಎಂದು ನನ್ನ ಅಭಿಪ್ರಾಯ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದುವವನಿಗೆ ಬೆಳಕಿನ ಗೊಡವೆ ಯಾತಕ್ಕೆ ಎಂದು ಕೇಳುವ ಮಿತ್ರರಿಗೆ ಉತ್ತರವನ್ನು ಮುಂದೆ ಕೊಡುತ್ತೇನೆ. ಸದ್ಯಕ್ಕೆ ಒಂದು ಹಕ್ಕಿಯಿಂದ ಆರಂಭಿಸೋಣ.

ನೀಲಕಂಠ ಪಕ್ಷಿಯನ್ನು ನೀವೆಲ್ಲರೂ ನೋಡಿದ್ದೀರಿ. ನಮ್ಮ ರಾಜ್ಯಪಕ್ಷಿ ಅದು. ಹೊಲದ ಬದಿಯ ವಿದ್ಯುತ್ ತಂತಿಯ ಮೇಲೆ ಕುಳಿತಿರುವಾಗ ಯಾರ ಗಮನಕ್ಕೂ ಬಾರದ ಮಂಕು ಹಕ್ಕಿ. ಮಿಡತೆಯೊಂದನ್ನು ಕಂಡು ರೆಕ್ಕೆ ಬಿಚ್ಚಿತೋ, ನೀಲಿಯ ಜ್ವಾಲೆ! ಆ ನೀಲಿ ಗರಿಯನ್ನು ಒರಳಿಗೆ ಹಾಕಿ ಕುಟ್ಟಿದರೆ ನೀಲಿ ಪುಡಿ ದೊರೆಯುವುದಿಲ್ಲ, ಮಂಕಾದ ಕಂದು ಪುಡಿ ದೊರೆಯುತ್ತದೆ. ನೀಲಿ ಎಲ್ಲಿ ಹೋಯಿತು? ಹೋಗುವುದಕ್ಕೆ ಅದೊಂದು ವಸ್ತುವಾಗಿರಲೇ ಇಲ್ಲ. ಗರಿಯೊಳಗಿನ ಸೂಕ್ಷ್ಮ ರಚನೆಯ ಗುಣವಾಗಿತ್ತು, ರಚನೆ ಮುರಿಯಿತು, ಗುಣ ಅಳಿಯಿತು. 1934ರಲ್ಲಿ ಸರ್ ಸಿ. ವಿ. ರಾಮನ್ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದಾಗ, ಅದರ ಪತ್ರಿಕೆಯ ಮೊದಲ ಸಂಪುಟಕ್ಕೆ ಅವರು ಬರೆದುಕೊಟ್ಟದ್ದು ಹಕ್ಕಿಗಳ ಗರಿಯ ಬಣ್ಣದ ಮೂಲವನ್ನು ಕುರಿತ ಲೇಖನ. ಅವರು ಪರೀಕ್ಷಿಸಿದ ಹಕ್ಕಿ ಇದೇ ನೀಲಕಂಠ. ನೊಬೆಲ್ ಪಾರಿತೋಷಕ ಪಡೆದ ನಾಲ್ಕು ವರ್ಷಕ್ಕೆ ಗರಿ, ಕಪ್ಪೆಚಿಪ್ಪು ಹಿಡಿದುಕೊಂಡು ಕುಳಿತ ಆ ಮನುಷ್ಯನನ್ನು ನೆನೆದರೆ ನನಗೆ ಬಹಳ ಸಂತೋಷವಾಗುತ್ತದೆ.

ನವಿಲಿನ ಕಥೆ ಇನ್ನೂ ಹಳೆಯದು. 1665ರಲ್ಲಿ ರಾಬರ್ಟ್ ಹುಕ್ ನವಿಲುಗರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ನೀರು ತಾಗಿದರೆ ಅದರ ಬಣ್ಣ ಅಳಿಯುವುದನ್ನು ಗುರುತಿಸಿದ. ನ್ಯೂಟನ್ 1704ರ ತನ್ನ ಬೆಳಕಿನ ಗ್ರಂಥದಲ್ಲಿ, ಇದು ತೆಳುಪದರಗಳ ಬಣ್ಣವೆಂದು ಊಹಿಸಿದ. ಪೂರ್ತಿ ಉತ್ತರ ದೊರೆತದ್ದು 2003ರಲ್ಲಿ, ಚೀನಾದ ಸಂಶೋಧಕರಿಂದ. ಗರಿಯ ಎಳೆಯೊಳಗೆ ಮೆಲನಿನ್ ಎಂಬ ಕಪ್ಪು ದ್ರವ್ಯದ ಸಣ್ಣ ಕಡ್ಡಿಗಳು ಜಾಲಂದರದ ಹಾಗೆ ಒಪ್ಪವಾಗಿ ಜೋಡಿಸಿವೆ. ಕಡ್ಡಿಯಿಂದ ಕಡ್ಡಿಗೆ ಸುಮಾರು 140 ನ್ಯಾನೋಮೀಟರ್ ಇದ್ದರೆ ನೀಲಿ, 150 ಇದ್ದರೆ ಹಸಿರು, 165ರ ಹತ್ತಿರವಾದರೆ ಹಳದಿ! ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ನಮ್ಮ ತಲೆಗೂದಲಿನ ದಪ್ಪ 50,000ದಿಂದ 1,00,000 ನ್ಯಾನೋಮೀಟರ್. ಕೂದಲಿನ ಸಾವಿರದ ಒಂದು ಪಾಲಿಗಿಂತ ಕಡಿಮೆ ಅಂತರದಲ್ಲಿ ನೀಲಿ ಹಸಿರಾಗಿ, ಹಸಿರು ಹಳದಿಯಾಗಿ ಹೋಗುತ್ತದೆ.

ಇದು ಹೇಗೆ ನಡೆಯುತ್ತದೆಂಬುದಕ್ಕೆ ಪ್ರಯೋಗಶಾಲೆ ಬೇಕಾಗಿಲ್ಲ. ಮಳೆಗಾಲದಲ್ಲಿ ಬಸ್ ನಿಲ್ದಾಣದ ನೀರಿನ ಮೇಲೆ ಚೆಲ್ಲಿದ ಡೀಸೆಲ್ ಏಳು ಬಣ್ಣ ತೋರುವುದನ್ನು ನೋಡಿರಿ. ಡೀಸೆಲಿನಲ್ಲಿ ಕಾಮನಬಿಲ್ಲಿಲ್ಲ, ಕೊಳೆನೀರಿನಲ್ಲಿ ಮೊದಲೇ ಇಲ್ಲ. ಎಣ್ಣೆಯ ಪದರದ ಮೇಲ್ಮೈಯಿಂದ ಸ್ವಲ್ಪ ಬೆಳಕು ಹಿಂದಿರುಗುತ್ತದೆ, ತಳದಿಂದ ಸ್ವಲ್ಪ. ಬೆಳಕು ಅಲೆಯಾದುದರಿಂದ, ಈ ಎರಡು ಅಲೆಗಳ ಉಬ್ಬಿಗೆ ಉಬ್ಬು ಕೂಡಿದರೆ ಆ ಬಣ್ಣ ಹೊಳೆಯುತ್ತದೆ; ಉಬ್ಬಿಗೆ ತಗ್ಗು ಕೂಡಿದರೆ ಅಳಿಯುತ್ತದೆ. ನೀಲಿಯ ಅಲೆಯ ಉದ್ದ ಸುಮಾರು 450 ನ್ಯಾನೋಮೀಟರ್, ಕೆಂಪಿನದು ಸುಮಾರು 650. ಯಾವುದು ಕೂಡಬೇಕು, ಯಾವುದು ಅಳಿಯಬೇಕು ಎಂಬುದನ್ನು ಪದರದ ದಪ್ಪ ನಿರ್ಧರಿಸುತ್ತದೆ.

ಲೋಹದ ಮಾತು ಸ್ವಲ್ಪ ಬೇರೆ. ಹರಿವಾಣದಲ್ಲಿ ನೀರು ತುಂಬಿ ಎತ್ತಿಕೊಂಡು ನಡೆಯಿರಿ. ನೀರು ತನ್ನದೇ ಆದ ಒಂದು ಲಯದಲ್ಲಿ ತುಳುಕಾಡುತ್ತದೆ. ಪಾತ್ರೆ ಚಿಕ್ಕದಾದಷ್ಟೂ ತುಳುಕು ಬಿರುಸು. ಲೋಹದೊಳಗಿನ ಎಲೆಕ್ಟ್ರಾನುಗಳೂ ಹೀಗೆಯೇ, ಬೆಳಕು ಬಂದು ಅಲುಗಾಡಿಸಿದಾಗ ತುಳುಕುತ್ತವೆ. ಲೋಹದ ತಗಡಿನಲ್ಲಿ ಬೆಳಕಿನ ಅಲೆಗಿಂತ ಸಣ್ಣ ತೂತುಗಳನ್ನು ಸಾಲಾಗಿ ಕೊರೆದರೆ, ತೂತಿನ ಸಾಲಿನ ಅಂತರಕ್ಕೆ ಹೊಂದುವ ಬಣ್ಣ ಮಾತ್ರ ಆ ತುಳುಕಿನ ಬೆನ್ನೇರಿ ಆಚೆಗೆ ದಾಟುತ್ತದೆ. ಅಷ್ಟು ಸಣ್ಣ ತೂತಿನಲ್ಲಿ ಬೆಳಕು ನುಸುಳುವುದು ಅತ್ಯಲ್ಪವೆಂದು 1944ರಲ್ಲಿ ಹಾನ್ಸ್ ಬೆಥೆ ಲೆಕ್ಕ ಹಾಕಿ ತೋರಿಸಿದ್ದ. ಆದರೆ 1998ರಲ್ಲಿ ಥಾಮಸ್ ಎಬ್ಬೆಸೆನ್ ಮತ್ತು ಅವರ ಸಂಗಡಿಗರು ಬೆಳ್ಳಿಯ ತೆಳುಪೊರೆಯಲ್ಲಿ ತೂತಿನ ಸಾಲು ಕೊರೆದು ನೋಡಿದಾಗ, ಕೆಲವು ಬಣ್ಣಗಳಲ್ಲಿ ತೂತುಗಳ ಮೇಲೆ ಬಿದ್ದ ಬೆಳಕಿಗಿಂತ ಹೆಚ್ಚು ಬೆಳಕು ಆಚೆಗೆ ಬಂದಿತ್ತು. ಜರಡಿಯ ಕಣ್ಣಿನ ಮೇಲೆ ಬಿದ್ದದ್ದಕ್ಕಿಂತ ಹೆಚ್ಚು ಹಿಟ್ಟು ಕೆಳಗೆ ಬಿದ್ದ ಹಾಗೆ! ತಂತಿಯ ಮೇಲೆ ಬಿದ್ದ ಹಿಟ್ಟೂ ಕಣ್ಣನ್ನು ಹುಡುಕಿಕೊಂಡು ಬಂದಿತೆನ್ನಬೇಕು. ಇಂದಿನ ತೂತಿನ ಫಿಲ್ಟರುಗಳ ವಂಶ ಆರಂಭವಾಗುವುದು ಇಲ್ಲಿಂದ. 2010ರಲ್ಲಿ ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯದವರು ಅಲ್ಯೂಮಿನಿಯಂ ಪದರಗಳಿಂದ ಬಣ್ಣಬಣ್ಣದ ಫಿಲ್ಟರುಗಳನ್ನು ಮಾಡಿದರು. 2012ರಲ್ಲಿ ಸಿಂಗಪುರದವರು ಬೆಳ್ಳಿ ಚಿನ್ನದ ಟೋಪಿಯಿಟ್ಟ ಸಣ್ಣ ಕಂಬಗಳಿಂದ, ಒಂದು ಅಂಗುಲಕ್ಕೆ ಸುಮಾರು 1,00,000 ಚುಕ್ಕೆಗಳಂತೆ, ಕೂದಲಿನ ಅಡ್ಡಳತೆಯಷ್ಟೇ ಅಗಲದ ಬಣ್ಣದ ಚಿತ್ರವೊಂದನ್ನು ಮುದ್ರಿಸಿ ತೋರಿಸಿದರು.

ಇಷ್ಟೂ ಬೆರಗಿನ ಮಾತಾಯಿತು. ಈಗ ನನ್ನ ತಕರಾರು. ಬಣ್ಣ ಹಚ್ಚದೆ ಬಣ್ಣ ತೆಗೆಯುವ ವಿದ್ಯೆ ಒಮ್ಮೆ ಗದ್ದುಗೆಯೇರಿ ಇಳಿದುಹೋದದ್ದನ್ನು ಹೊಗಳುವವರು ಮರೆಯುತ್ತಾರೆ. ಇತಿಹಾಸದ ವಿದ್ಯಾರ್ಥಿಯಾಗಿ ಇದನ್ನು ನೆನಪಿಸುವ ಹಕ್ಕು ನನಗಿದೆ.

1891ರಲ್ಲಿ ಪ್ಯಾರಿಸಿನ ಪ್ರೊಫೆಸರ್ ಗೇಬ್ರಿಯಲ್ ಲಿಪ್‌ಮನ್ ಒಂದು ಬಣ್ಣದ ಛಾಯಾಚಿತ್ರವನ್ನು ವಿಜ್ಞಾನ ಅಕಾಡೆಮಿಯ ಮುಂದಿಟ್ಟರು. ಅದರಲ್ಲಿ ಯಾವ ಬಣ್ಣದ ದ್ರವ್ಯವೂ ಇರಲಿಲ್ಲ. ಅತಿ ನವುರಾದ ಛಾಯಾಲೇಪವಿದ್ದ ಗಾಜನ್ನು ಪಾದರಸದ ಕನ್ನಡಿಗೆ ತಾಗಿಸಿ ಬೆಳಕಿಗೊಡ್ಡಿದಾಗ, ಒಳಹೋದ ಅಲೆಯೂ ಕನ್ನಡಿಯಿಂದ ಹಿಂದಿರುಗಿದ ಅಲೆಯೂ ಕೂಡಿ ಲೇಪದೊಳಗೆ ಬೆಳ್ಳಿಯ ಪದರಗಳನ್ನು ಮೂಡಿಸಿದುವು. ಕೆಂಪಿಗೆ ದೂರದೂರದ ಪದರ, ನೀಲಿಗೆ ಒತ್ತೊತ್ತಾದ ಪದರ. ಬೆಳಕು ತನ್ನ ಅಳತೆಯನ್ನು ತಾನೇ ಬರೆದಿಟ್ಟು ಹೋದಂತೆ. ಇದಕ್ಕಿಂತ ಸತ್ಯವಾದ ಛಾಯಾಚಿತ್ರ ಇನ್ನೊಂದುಂಟೆ? 1908ರ ನೊಬೆಲ್ ಪಾರಿತೋಷಕ ಅವರಿಗೆ ಬಂದದ್ದು ಇದಕ್ಕಾಗಿಯೇ. ಆದರೆ ಚಿತ್ರ ತೆಗೆಯಲು ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕು, ಪಾದರಸದ ಗೋಜು ಬೇರೆ. ತೆಗೆದಾದ ಮೇಲೂ ಸರಿಯಾದ ಕೋನದಲ್ಲಿ ಹಿಡಿದರೆ ಮಾತ್ರ ಬಣ್ಣ ಕಾಣುತ್ತಿತ್ತು. ಅಷ್ಟರಲ್ಲಿ, 1907ರಲ್ಲಿ, ಲಿಯೋನಿನ ಲ್ಯೂಮಿಯೇರ್ ಸಹೋದರರು ಆಲೂಗಡ್ಡೆಯ ಹಿಟ್ಟಿನ ಕಣಗಳಿಗೆ ಕಿತ್ತಳೆಗೆಂಪು, ಹಸಿರು, ನೇರಳೆನೀಲಿ ಬಣ್ಣ ಕಟ್ಟಿ, ಅವನ್ನು ಗಾಜಿನ ಮೇಲೆ ಎರಚಿ ಮಾಡಿದ ಆಟೋಕ್ರೋಮ್ ಫಲಕಗಳನ್ನು ಅಂಗಡಿಯಲ್ಲಿ ಮಾರತೊಡಗಿದರು. ಜನ ಅವನ್ನೇ ಕೊಂಡರು. ಆಲೂಗಡ್ಡೆಯ ಹಿಟ್ಟಿನ ಮುಂದೆ ನೊಬೆಲ್ ಪಾರಿತೋಷಕ ಸೋತಿತು!

ಆ ಹಿಟ್ಟಿನ ಸಂತತಿ ಇಂದಿಗೂ ನಮ್ಮ ಜೇಬಿನಲ್ಲಿದೆ. ಮೊಬೈಲಿನ ಕ್ಯಾಮೆರಾದಲ್ಲಿ ಬೆಳಕನ್ನು ಗ್ರಹಿಸುವ ಸಿಲಿಕಾನ್ ಕೋಶಕ್ಕೆ ಬಣ್ಣದ ಜ್ಞಾನವಿಲ್ಲ. ಹೆಚ್ಚು ಕಡಿಮೆ ಎಂಬುದಷ್ಟೇ ಅದಕ್ಕೆ ಗೊತ್ತು. ಆದುದರಿಂದ ಪ್ರತಿ ಕೋಶದ ತಲೆಯ ಮೇಲೂ ಒಂದೊಂದು ಬಣ್ಣದ ಗಾಜಿನಂಥ ಹೊದಿಕೆ ಹಾಕುತ್ತಾರೆ. ನಾಲ್ಕು ಕೋಶಗಳ ಗುಂಪಿಗೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಕ್ರಮ ಅದು. ಹೊದಿಕೆಯಲ್ಲಿರುವುದು ಹಚ್ಚಿದ ಬಣ್ಣವೇ. ಒಂದೊಂದು ಬಣ್ಣವನ್ನು ಬೇರೆ ಬೇರೆ ಸಲ ಲೇಪಿಸಬೇಕು. ಈಗ ಕೋಶಗಳು ಮೈಕ್ರಾನಿಗೂ, ಅಂದರೆ ಸಾವಿರ ನ್ಯಾನೋಮೀಟರಿಗೂ ಚಿಕ್ಕವಾಗಿರುವುದರಿಂದ, ಲೇಪದ ದಪ್ಪ ಕೋಶದ ಅಗಲಕ್ಕೆ ಸಮಸಮವಾಗಿ, ಓರೆಯಾಗಿ ಬಂದ ಬೆಳಕು ನೆರೆಮನೆಗೆ ನುಗ್ಗುತ್ತದೆ. ಹೊಸ ಫಿಲ್ಟರಿನ ಪಕ್ಷದವರು ಹೇಳುವುದು ಇದನ್ನೇ: ಹಚ್ಚಿದ್ದನ್ನು ತೆಗೆದುಹಾಕಿ, ನಮ್ಮ ತೂತಿನ ತಗಡನ್ನು ಇಡಿ, ತೆಳ್ಳಗಿದೆ, ಬಿಸಿಲಿಗೆ ಮಾಸದು.

ಮಾಸದು ಎಂಬ ಮಾತನ್ನು ಮೊದಲು ನೋಡೋಣ. ರಚನಾವರ್ಣ ಬಾಳಿಕೆಯ ಬಣ್ಣವೆಂಬುದು ನಿಜ. ಆಫ್ರಿಕಾದ ಪೋಲಿಯಾ ಎಂಬ ಗಿಡದ ನೀಲಿ ಹಣ್ಣು, 1974ರಲ್ಲಿ ಘಾನಾದಲ್ಲಿ ಕಿತ್ತು ಇಟ್ಟದ್ದು, ದಶಕಗಳ ಮೇಲೂ ಹೊಳೆಯುತ್ತಿತ್ತು. ಜರ್ಮನಿಯ ಮೆಸ್ಸೆಲ್ ಎಂಬಲ್ಲಿ ಸಿಕ್ಕ ಜೀರುಂಡೆಯ ಪಳೆಯುಳಿಕೆಗಳು ನಾಲ್ಕೂವರೆ ಕೋಟಿ ವರ್ಷಗಳಾಚೆಗೂ ಲೋಹದ ಮಿರುಗನ್ನು ಉಳಿಸಿಕೊಂಡಿವೆ. ಆದರೆ ಜೀರುಂಡೆಯ ರೆಕ್ಕೆ ಬೆಳ್ಳಿಯದಲ್ಲ. ಮನೆಯ ಬೆಳ್ಳಿ ದೀಪ ತಿಂಗಳೊಪ್ಪತ್ತಿಗೆ ಕಪ್ಪಾಗುವುದನ್ನು ಕಂಡು, ಹಬ್ಬದ ಹಿಂದಿನ ದಿನ ಕುಳಿತು ತಿಕ್ಕಿದವರಾರೂ ಬೆಳ್ಳಿಯ ಫಿಲ್ಟರ್ ಎಂದೆಂದಿಗೂ ಮಾಸದು ಎಂಬ ಮಾತಿಗೆ ತಲೆದೂಗಲಾರರು. ಅಲ್ಯೂಮಿನಿಯಂ ವಾಸಿ, ತನ್ನ ಮೇಲೆ ತಾನೇ ರಕ್ಷೆಯ ಪೊರೆ ಬೆಳೆಸಿಕೊಳ್ಳುತ್ತದೆ; ಆದುದರಿಂದಲೇ ಅನೇಕರು ಅದಕ್ಕೆ ತಿರುಗಿಕೊಂಡಿದ್ದಾರೆ.

ಇನ್ನು ಕ್ಯಾಮೆರಾದ ಮಾತು. ಒಳ್ಳೆಯ ಲೇಪದ ಫಿಲ್ಟರ್ ತನ್ನ ಬಣ್ಣದ ಬೆಳಕಿನ ಬಹುಪಾಲನ್ನು ಒಳಗೆ ಬಿಡುತ್ತದೆ. ಲೋಹದ ತೂತಿನ ಫಿಲ್ಟರ್ ಅನೇಕ ವೇಳೆ ಅರ್ಧವನ್ನೂ ಬಿಡದೆ ತಾನೇ ನುಂಗಿಬಿಡುತ್ತದೆ. ಎಬ್ಬೆಸೆನ್ ಕಂಡ ಬೆರಗು ಬೆರಗೇ, ಆದರೆ ಅದು ತೂತಿಗೆ ಹೋಲಿಸಿ ಹೇಳಿದ ಮಾತು, ಬಿದ್ದ ಒಟ್ಟು ಬೆಳಕಿಗೆ ಹೋಲಿಸಿದ್ದಲ್ಲ. ಬಣ್ಣವೂ ಅಪ್ಪಟವಲ್ಲ: ಕೆಂಪೆಂದು ಬಿಟ್ಟದ್ದರಲ್ಲಿ ಕಿತ್ತಳೆ ಹಳದಿಗಳೂ ಸಾಕಷ್ಟು ಬೆರೆತಿರುತ್ತವೆ. ಎಲ್ಲಕ್ಕೂ ಮಿಗಿಲಾಗಿ ಕೋನದ ಕಾಟ. ನವಿಲುಗರಿಯನ್ನು ತಿರುಗಿಸಿದರೆ ಬಣ್ಣ ತಿರುಗುವಂತೆ, ಬೆಳಕು ಓರೆಯಾಗಿ ಬಂದರೆ ಫಿಲ್ಟರಿನ ಬಣ್ಣವೂ ಜಾರುತ್ತದೆ. ಸಿಲಿಕಾನ್, ಟೈಟಾನಿಯಂ ಡೈಆಕ್ಸೈಡ್ ಮೊದಲಾದುವುಗಳ ಕಂಬ ನಿಲ್ಲಿಸಿ ಈ ದೋಷಗಳನ್ನು ಕಡಿಮೆ ಮಾಡುತ್ತಿದ್ದಾರೆ, ಅದು ಸರಿ. ನೀಲಕಂಠವಂತೂ ಈ ಸಮಸ್ಯೆಯನ್ನು ಎಂದೋ ಬಗೆಹರಿಸಿಕೊಂಡಿದೆ. ಅದರ ಗರಿಯ ರಚನೆ ನವಿಲಿನದರಷ್ಟು ಒಪ್ಪವಾಗಿಲ್ಲ, ಸ್ಪಂಜಿನಂತೆ ಕಲಸಿಕೊಂಡಿದೆ, ಆದುದರಿಂದ ಯಾವ ಕಡೆಯಿಂದ ನೋಡಿದರೂ ಹೆಚ್ಚುಕಡಿಮೆ ಅದೇ ನೀಲಿ. ಹಾಗಿದ್ದರೂ ಮದುವೆಮನೆಯ ಚಿತ್ರ ತೆಗೆಯುವ ಕ್ಯಾಮೆರಾಕ್ಕೆ ಎಲ್ಲ ಕಡೆಯಿಂದಲೂ ಬರುವ, ಮಬ್ಬಾದ, ಬಗೆಬಗೆಯ ಬೆಳಕನ್ನು ಒಪ್ಪಿಸಿಕೊಳ್ಳಬಲ್ಲ ಜರಡಿ ಬೇಕು. ಲಿಪ್‌ಮನ್ ಸೋತದ್ದೂ ಇಲ್ಲಿಯೇ. ಆತನ ವಿದ್ಯೆ ಸುಳ್ಳಾಗಿರಲಿಲ್ಲ, ಅದನ್ನು ಹಾಕಿದ ಕೆಲಸ ಅದಕ್ಕೆ ಒಗ್ಗುವಂಥದಾಗಿರಲಿಲ್ಲ.

ಒಗ್ಗುವ ಕೆಲಸ ಯಾವುದು? ಇದನ್ನು ಹೇಳಲು ನಮ್ಮ ಚಿಕ್ಕಮ್ಮನ ವಿಷಯ ಹೇಳಬೇಕು.

ಪಾವಗಡದ ಸೀಮೆ ನಮ್ಮದು. ಅಲ್ಲಿನ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದಾದವರು, ಮೊಣಕಾಲು ಬಾಗಿದವರು, ಬೆನ್ನು ನೆಟ್ಟಗೆ ಮಾಡಲಾಗದವರು ನಮ್ಮ ಕಡೆಯ ಊರೂರಿನಲ್ಲೂ ಸಿಗುತ್ತಾರೆ. ಲೀಟರಿಗೆ 1 ಮಿಲಿಗ್ರಾಮಿನೊಳಗಿದ್ದರೆ ಒಳ್ಳೆಯ ನೀರು, ಬೇರೆ ಗತಿಯಿಲ್ಲದಿದ್ದರೆ 1.5ರವರೆಗೆ ಕುಡಿಯಬಹುದು ಎಂದು ನಮ್ಮ ದೇಶದ ಮಾನಕ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಯಲ್ಲೂ ಐದು ಜನ ಹೆಂಗಸರಿಗೆ ನೀರು ಪರೀಕ್ಷಿಸುವ ತರಬೇತಿ ಕೊಟ್ಟು ಒಂದು ಪೆಟ್ಟಿಗೆ ಕೊಡುವ ಏರ್ಪಾಡಿದೆ. ನಮ್ಮ ಚಿಕ್ಕಮ್ಮ ಆ ಐವರಲ್ಲೊಬ್ಬರು. ನೀರಿಗೆ ಮದ್ದಿನ ಹನಿ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ. ಫ್ಲೋರೈಡ್ ಹೆಚ್ಚಿದಷ್ಟೂ ಅದು ಹಳದಿಯತ್ತ ತಿರುಗುತ್ತದೆ. ಪೆಟ್ಟಿಗೆಯಲ್ಲಿರುವ ಬಣ್ಣದ ಕಾರ್ಡಿನ ಪಕ್ಕಕ್ಕೆ ಹಿಡಿದು ಯಾವುದಕ್ಕೆ ಹೊಂದುತ್ತದೋ ಆ ಅಂಕಿಯನ್ನು ಬರೆದುಕೊಳ್ಳಬೇಕು.

“ನೋಡಪ್ಪ, ನಿನ್ನ ಕಣ್ಣು ಎಳೇದು. ಇದು ಒಂದರ ಗುಲಾಬಿಯೋ, ಒಂದೂವರೆಯ ಗುಲಾಬಿಯೋ? ನೀನೇ ಹೇಳು” ಎಂದರು ಚಿಕ್ಕಮ್ಮ.

ನಾನು ಬಾಗಿಲ ಬೆಳಕಿನಲ್ಲಿ ಹಿಡಿದೆ, ಒಂದರಂತೆ ಕಂಡಿತು. ಒಳಗೆ ಟ್ಯೂಬ್‌ಲೈಟಿನ ಕೆಳಗೆ ಹಿಡಿದೆ, ಒಂದೂವರೆಯಂತೆ ಕಂಡಿತು.

“ನಿಮಗೆ ಹೇಗೆ ಕಾಣುತ್ತೆ ಚಿಕ್ಕಮ್ಮ?” ಎಂದೆ.

“ನನಗೆ ಮಬ್ಬಾಗಿ ಕಾಣುತ್ತೆ. ಕಡಿಮೆ ಬರೆದರೆ ಮಕ್ಕಳು ಕುಡಿಯುತ್ತವೆ, ಜಾಸ್ತಿ ಬರೆದರೆ ಇರುವ ಒಂದು ನಲ್ಲಿಯೂ ನಿಲ್ಲುತ್ತೆ.”

ಆ ಕಾರ್ಡನ್ನು ಅವರು ಕಿಟಕಿಯ ಮೇಲೆ ಇಟ್ಟಿದ್ದರು. ನಮ್ಮದು ಬಿಸಿಲಿಗೆ ಹೆಸರಾದ ನಾಡು, ಸೂರ್ಯವಿದ್ಯುತ್ತಿನ ದೊಡ್ಡ ಉದ್ಯಾನವನ್ನು ಪಾವಗಡದಲ್ಲಿ ಕಟ್ಟಿದ್ದು ಸುಮ್ಮನಲ್ಲ. ಕಾರ್ಡಿನ ಗುಲಾಬಿಗಳೆಲ್ಲ ಒಂದು ಅಂಚಿನಲ್ಲಿ ಬಿಳಿಚಿಕೊಂಡಿದ್ದುವು. ಅಳೆಯುವ ಕೋಲೇ ಬಿಸಿಲಿಗೆ ಸವೆಯುತ್ತಿದ್ದರೆ ಅಳತೆಯ ಗತಿಯೇನು?

ಈಗ ಹೊಸ ಫಿಲ್ಟರಿನ ದೋಷಗಳನ್ನು ಒಂದೊಂದಾಗಿ ಈ ನೀರಿನ ಶೀಶೆಯ ಮುಂದೆ ತಂದು ನಿಲ್ಲಿಸಿ ನೋಡಿ. ಕೋನ ಬದಲಾದರೆ ಬಣ್ಣ ಜಾರುತ್ತದೆಯೆ? ಪರೀಕ್ಷೆಯ ಪೆಟ್ಟಿಗೆಯಲ್ಲಿ ದೀಪ, ಶೀಶೆ, ಫಿಲ್ಟರ್ ಮೂರೂ ಒಂದೇ ನೇರದಲ್ಲಿ ಕಚ್ಚಿ ಕೂತಿರುತ್ತವೆ. ಬೆಳಕು ಬರುವುದು ಒಂದೇ ಕೋನದಿಂದ. ಬೆಳಕನ್ನು ನುಂಗುತ್ತದೆಯೆ? ದೀಪ ನಮ್ಮದೇ, ಇನ್ನಷ್ಟು ಹೊತ್ತು ಉರಿಸಿದರಾಯಿತು. ಶೀಶೆಯ ನೀರೇನೂ ಮದುಮಗಳಂತೆ ಅಲುಗಾಡುವುದಿಲ್ಲ. ಬಣ್ಣ ಅಪ್ಪಟವಲ್ಲವೆ? ಇಲ್ಲಿ ಒಂದು ಸ್ವಾರಸ್ಯವಿದೆ. ಹತ್ತು ಫಿಲ್ಟರುಗಳಿದ್ದು, ಅವು ಒಂದೊಂದೂ ಬೇರೆ ಬೇರೆ ಬೆರಕೆಯನ್ನು ಬಿಡುವುವಾದರೆ, ಯಾವುದು ಯಾವುದನ್ನು ಎಷ್ಟು ಬಿಡುತ್ತದೆಂಬುದನ್ನು ಮೊದಲೇ ಅಳೆದಿಟ್ಟುಕೊಂಡು, ಹತ್ತು ಉತ್ತರಗಳಿಂದ ಮೂಲದ ಬೆಳಕಿನಲ್ಲಿ ಯಾವ ಬಣ್ಣ ಎಷ್ಟಿತ್ತೆಂದು ಲೆಕ್ಕ ಹಾಕಿ ತೆಗೆಯಬಹುದು. ಬಾಲ್ಯದಲ್ಲಿ ಮಾಡಿದ್ದೇವಲ್ಲ, ಎರಡು ಪೆನ್ನು ಮೂರು ಪೆನ್ಸಿಲಿಗೆ ಇಷ್ಟು, ಮೂರು ಪೆನ್ನು ಒಂದು ಪೆನ್ಸಿಲಿಗೆ ಇಷ್ಟು, ಹಾಗಾದರೆ ಒಂದು ಪೆನ್ನಿಗೆಷ್ಟು, ಆ ಜಾತಿಯ ಲೆಕ್ಕವೇ. ಹತ್ತಾರು ಫಿಲ್ಟರುಗಳನ್ನು ಒಂದೇ ಚಿಪ್ಪಿನ ಮೇಲಿಟ್ಟು ಲೆಕ್ಕದ ಬಲದಿಂದ ಬೆಳಕನ್ನು ಓದುವ ಸಣ್ಣ ರೋಹಿತಮಾಪಕಗಳನ್ನು ಹಲವು ದೇಶಗಳ ಪ್ರಯೋಗಶಾಲೆಗಳಲ್ಲಿ ಮಾಡಿ ತೋರಿಸಿದ್ದಾರೆ. ಬೆಲ್ಜಿಯಮಿನ ಐಮೆಕ್ ಸಂಸ್ಥೆಯವರು ಕ್ಯಾಮೆರಾ ಚಿಪ್ಪಿನ ಕೋಶಗಳ ಮೇಲೆಯೇ ತೆಳುಪದರಗಳನ್ನು ಕಟ್ಟಿ, ಮೂರು ಬಣ್ಣಗಳ ಜಾಗದಲ್ಲಿ 16 ಬಣ್ಣ ನೋಡುವ ಕಣ್ಣನ್ನು ಮಾಡಿದ್ದಾರೆ.

ಕ್ಯಾಮೆರಾಕ್ಕೆ ದೋಷವಾದದ್ದು ಶೀಶೆಯ ಮುಂದೆ ದೋಷವೇ ಅಲ್ಲ. ಹೊಗಳಿಕೆ ತಪ್ಪು ಜಾಗದಲ್ಲಿದೆ ಎಂದು ನಾನು ಹೇಳಿದ್ದು ಇದಕ್ಕಾಗಿ. ಮೊಬೈಲಿನ ಕ್ಯಾಮೆರಾ ಈಗಾಗಲೇ ನಮ್ಮ ಮುಖ ಇರುವುದಕ್ಕಿಂತ ಚೆನ್ನಾಗಿ ತೋರಿಸುತ್ತಿದೆ. ಅದಕ್ಕೆ ಇನ್ನಷ್ಟು ನಯ ಹಚ್ಚಲು ಇಷ್ಟು ಬುದ್ಧಿಶಕ್ತಿ ಖರ್ಚಾಗುವುದು ನನಗೆ ಒಪ್ಪಿಗೆಯಿಲ್ಲ. ನೀರಲ್ಲದೆ ರಕ್ತವೂ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ. ಆಮ್ಲ ಬೆರೆಸಿ ಕಂದಾದ ರಕ್ತವನ್ನು ಗಾಜಿನ ಕಂದಿಗೆ ಹೋಲಿಸಿ ನೋಡುವ ಸಾಹ್ಲಿಯ ಪದ್ಧತಿಯನ್ನು ನಮ್ಮ ಆಸ್ಪತ್ರೆಗಳು ಬಹುಕಾಲ ನೆಚ್ಚಿಕೊಂಡಿದ್ದುವು. ಅಲ್ಲಿಯೂ ಪ್ರಶ್ನೆ ಅದೇ: ಈ ಕಂದೋ, ಆ ಕಂದೋ?

ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಒಂದು ಬಣ್ಣದ ಪುಟ್ಟ ದೀಪ, ಎದುರಿಗೊಂದು ಬೆಳಕಿನ ಕೋಶ, ಇಷ್ಟೇ ಇಟ್ಟು ನೀರಿನ ಬಣ್ಣ ಅಳೆಯುವ ಕೈಯಂತ್ರಗಳು ಈಗಾಗಲೇ ಪೇಟೆಯಲ್ಲಿವೆ, ಈ ನ್ಯಾನೋ ಸಾಹಸ ಏಕೆ ಎನ್ನಬಹುದು. ಒಂದೇ ಪರೀಕ್ಷೆಗಾದರೆ ಅವು ಸಾಕು, ನಾನೂ ಒಪ್ಪುತ್ತೇನೆ. ಆದರೆ ನೀರು ಸ್ವಲ್ಪ ಕದಡಿದ್ದರೆ, ಬೆಳಕು ಕುಂದಿದ್ದು ಮದ್ದಿನ ಬಣ್ಣದಿಂದಲೋ ಮಣ್ಣಿನಿಂದಲೋ ಎಂಬುದು ಒಂದೇ ದೀಪಕ್ಕೆ ತಿಳಿಯದು. ಮಣ್ಣು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ಸಮನಾಗಿ ತಡೆಯುತ್ತದೆ, ಮದ್ದು ಕೆಲವನ್ನೇ ತಡೆಯುತ್ತದೆ. ನಾಲ್ಕೈದು ಬಣ್ಣಗಳಲ್ಲಿ ನೋಡಿದರೆ ಇವೆರಡನ್ನು ಬೇರ್ಪಡಿಸಬಹುದು. ಅಲ್ಲದೆ ಫ್ಲೋರೈಡಿಗೊಂದು, ಕಬ್ಬಿಣಕ್ಕೊಂದು, ನೈಟ್ರೇಟಿಗೊಂದು ಯಂತ್ರ ಹೊತ್ತುಕೊಂಡು ತಿರುಗುವವರು ನಮ್ಮ ಚಿಕ್ಕಮ್ಮನಂಥವರೇ ತಾನೆ? ಮದ್ದಿನ ಖರ್ಚು ಇದ್ದೇ ಇರುತ್ತದೆ, ಅದನ್ನು ಯಾವ ಫಿಲ್ಟರೂ ತಪ್ಪಿಸದು.

ಬೆಲೆಯ ಮಾತು ಇದಕ್ಕಿಂತ ಗಂಭೀರ. ಇಂಥ ತೂತುಗಳನ್ನು ಎಲೆಕ್ಟ್ರಾನ್ ಕಿರಣದಿಂದ ಒಂದೊಂದಾಗಿ ಬರೆಯುತ್ತ ಹೋದರೆ ಉಗುರಿನಗಲಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಲೇಖನಗಳಲ್ಲಿ ಕಾಣುವ ಸೊಗಸಾದ ಚಿತ್ರಗಳಲ್ಲಿ ಅನೇಕವು ಹೀಗೆ ಬರೆದುವೇ; ತಾಳೆಗರಿಯ ಮೇಲೆ ಕಂಠದಿಂದ ಕೊರೆದ ಹಾಗೆ. ಆದರೆ 1995ರಲ್ಲಿ ಸ್ಟೀಫನ್ ಚೌ ತೋರಿಸಿಕೊಟ್ಟ ಒತ್ತಚ್ಚಿನ ವಿಧಾನ ಬೇರೆ. ನಮ್ಮ ಮನೆಗಳಲ್ಲಿ ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವುದಿಲ್ಲವೆ? ಮರದ ಅಚ್ಚನ್ನು ಒಬ್ಬ ಬಡಗಿ ಒಮ್ಮೆ ಕಷ್ಟಪಟ್ಟು ಕೆತ್ತುತ್ತಾನೆ. ಆಮೇಲೆ ಮೂರು ತಲೆಮಾರು ಅದರಲ್ಲಿ ಗಿಳಿ, ಆನೆ, ಬೃಂದಾವನ ತೆಗೆಯುತ್ತಾರೆ. ಹಾಗೆಯೇ ಇಲ್ಲಿಯೂ ಒಮ್ಮೆ ಅಚ್ಚು ಕೊರೆದುಕೊಂಡರೆ ಮೆತ್ತನೆಯ ಪೊರೆಯ ಮೇಲೆ ಒತ್ತುತ್ತ ಹೋಗಬಹುದು. ಲೇಪದ ಫಿಲ್ಟರಿಗೆ ಹತ್ತು ಬಣ್ಣವಾದರೆ ಹತ್ತು ಲೇಪ ಬೇಕು. ತೂತಿನ ಫಿಲ್ಟರಿಗೆ ಹತ್ತು ಬಣ್ಣಕ್ಕೂ ಒಂದೇ ಲೋಹ, ಒಂದೇ ಒತ್ತು, ತೂತುಗಳ ಅಂತರ ಮಾತ್ರ ಬೇರೆ. ನನ್ನ ದೃಷ್ಟಿಯಲ್ಲಿ ಇದರ ನಿಜವಾದ ಹೆಚ್ಚುಗಾರಿಕೆ ಇದು. ಬಣ್ಣ ಮಾಸದಿರುವುದು, ಚಿತ್ರ ಚೆಲುವಾಗಿರುವುದು ಇವೆಲ್ಲ ಆಮೇಲಿನವು.

ಆರ್ಟ್ಸ್ ವಿದ್ಯಾರ್ಥಿಗೆ ಇದೇಕೆ ಎಂದ ಮಿತ್ರರಿಗೆ ಈಗ ಉತ್ತರ. ತೂತು ಎಷ್ಟು ನ್ಯಾನೋಮೀಟರ್ ಇರಬೇಕೆಂದು ಹೇಳುವ ಯೋಗ್ಯತೆ ನಮಗಿಲ್ಲ, ನಿಜ. ಯಂತ್ರ ಯಾರ ಕೈಗೆ ಹೋಗಬೇಕು, ಯಾವ ಪ್ರಶ್ನೆಗೆ ಉತ್ತರ ಹೇಳಬೇಕು ಎಂಬುದನ್ನು ಹೇಳಲು ತೂತಿನ ಲೆಕ್ಕ ಬೇಕಾಗಿಲ್ಲ. ಅದನ್ನು ನಾವು ಕೇಳದಿದ್ದರೆ ಕೊಳ್ಳುವವನ ಜೇಬು ತೀರ್ಮಾನಿಸುತ್ತದೆ, ಜೇಬಿರುವವನಿಗೆ ಬೇಕಾದದ್ದು ಕ್ಯಾಮೆರಾ. ರಾಮನ್ 1933ರಲ್ಲಿ ನಿರ್ದೇಶಕರಾಗಿ ಬಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ಇಂದು ನ್ಯಾನೋ ವಿಜ್ಞಾನದ ದೊಡ್ಡ ಕೇಂದ್ರವಿದೆ. ಇಂಥ ರಚನೆಗಳನ್ನು ಮಾಡುವ, ಧೂಳು ಸುಳಿಯದ ಕೋಣೆಗಳಿವೆ. ಪಾವಗಡ ಅಲ್ಲಿಂದ ನೂರೈವತ್ತು ಕಿಲೋಮೀಟರಿನ ಆಸುಪಾಸು. ಅಲ್ಲಿಯವರ ವಿದ್ಯೆಗೂ ಇಲ್ಲಿಯ ಶೀಶೆಗೂ ಪರಿಚಯ ಮಾಡಿಸುವ ಕೆಲಸ ಭೌತಶಾಸ್ತ್ರದ್ದಲ್ಲ. ಪಂಚಾಯಿತಿಯದು, ಪತ್ರಿಕೆಯದು, ಅರ್ಜಿ ಬರೆಯಬಲ್ಲವರದು. ಅರ್ಜಿ ಬರೆಯುವುದಂತೂ ನಮಗೆ ಬರುತ್ತದೆ.

ಬರೆಯುವುದಾದರೆ ಹೀಗೆ ಬರೆಯಬೇಕೆಂದು ನನ್ನ ಸೂಚನೆ. ನಮಗೆ 16 ಬಣ್ಣ ಬೇಡ, ನೂರು ಬಣ್ಣವಂತೂ ಬೇಡವೇ ಬೇಡ. ಗುಲಾಬಿಯಿಂದ ಹಳದಿಗೆ ತಿರುಗುವ ಆ ಒಂದು ಹಾದಿಯಲ್ಲಿ ನಾಲ್ಕೈದು ಫಿಲ್ಟರುಗಳು, ಒಂದು ಪುಟ್ಟ ದೀಪ, ಶೀಶೆಗೆ ಒಂದು ಗೂಡು, 1 ಮತ್ತು 1.5ರ ನಡುವಿನ ವ್ಯತ್ಯಾಸವನ್ನು ಕನ್ನಡದ ಅಂಕಿಯಲ್ಲಿ ದೊಡ್ಡದಾಗಿ ತೋರಿಸುವ ಒಂದು ಕಿಂಡಿ. ಕಿಟಕಿಯ ಮೇಲೆ ಬಿಸಿಲಿನಲ್ಲಿ ಇಟ್ಟರೂ ಕೆಡದಂತಿರಬೇಕು, ಏಕೆಂದರೆ ನಮ್ಮ ಚಿಕ್ಕಮ್ಮ ಅದನ್ನು ಅಲ್ಲಿಯೇ ಇಡುತ್ತಾರೆ.